ಮಹಾರುದ್ರಪ್ಪನ ಹೊಲದ ಚರ್ಚು

ಸಾಹುಕಾರ ನಾಗನಾಥ ಚಪ್ಪಲಿ ಕಳಚಿ ಒಳಗೆ ಕಾಲಿಟ್ಟದ್ದೇ ತಡ, ಹುಮನಾಬಾದಿನ ಊರಂಚಿನ ಚರ್ಚಿನಲ್ಲಿ ಹಾಡು ಅರ್ಧಕ್ಕೇ ನಿಂತಿತು. ನಿಜಾಮನ ಕಾಲದಲ್ಲಿ ಅವನ ಅಪ್ಪ ಮಹಾರುದ್ರಪ್ಪ ತನ್ನ ಹೊಲದ ಈ ಮೂಲೆಯನ್ನು ಬರೀ ಬಾಯಿಮಾತಿನಲ್ಲಿ ಕೊಟ್ಟಿದ್ದ. ಮಾತು ಕೊಟ್ಟವನು ತೀರಿ ವರ್ಷವಾಗಿತ್ತು.

ನಾಗನಾಥ ಕೈಚೀಲದಿಂದ ಕಾಗದವೊಂದನ್ನು ತೆಗೆದ. ಮುದುಕಿ ಸುಗಂಧಮ್ಮ ತಾನು ಕೂತಿದ್ದ ಚಾಪೆಯ ಅಂಚನ್ನು ಗಟ್ಟಿಯಾಗಿ ಹಿಡಿದಳು.

"ಜಾಗಾ ಯಾವಾಗ ಬಿಡಬೇಕ್ರಿ?" ಪಾದ್ರಿ ಪ್ರಭುದಾಸರು ಮೆಲ್ಲಗೆ ಕೇಳಿದರು.

"ಬಿಡೋದ್ಯಾಕ್ರಿ? ಮಗಳ ಲಗ್ನ ಅದ. ಮೊದಲ ಪತ್ರಿಕಾ ಹೊಲದಾಗಿನ ದೇವ್ರ ಮುಂದ ಇಡೋದು ನಮ್ಮ ಮನಿ ಪದ್ಧತಿ. ನಮ್ಮ ಹೊಲದಾಗಿನ ದೇವ್ರು ಇವನೇ. ಎಲ್ಲಿ ಇಡ್ಲಿರಿ?"

ಕಾಗದದ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿತ್ತು. ಸುಗಂಧಮ್ಮ ಚಾಪೆಯ ಅಂಚನ್ನು ಬಿಟ್ಟು, ಪಕ್ಕಕ್ಕೆ ಸರಿದು, ಅವನು ಕೂರಲು ಜಾಗ ಮಾಡಿದಳು.