ಕೆಳಮನೆ ತಾತ ಕೊಟ್ಟ ಮೊಲ

ಜಜ್ಜಿದ ಜೂನಿಪರ್ ಕಾಯಿಯ ವಾಸನೆ ಬಂದರೆ ಈಗಲೂ ನನ್ನ ಅಂಗೈ ತಣ್ಣಗಾಗುತ್ತದೆ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ನಾವು ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿದ್ದೆವು, ನನಗೆ ಎಂಟು ವರ್ಷ. ಕೆಳಮನೆಯ ಸ್ವೀಡಿಷ್ ತಾತ ಬೇಟೆಯಾಡಿ ತಂದ ಮೊಲವನ್ನು ಸೈಕಲ್ ಶೆಡ್ಡಿನ ಬಾಗಿಲಿಗೆ ತಲೆಕೆಳಗಾಗಿ ಕಟ್ಟಿ, ಮಗುವಿನ ಕಾಲುಚೀಲ ಕಳಚುವಷ್ಟು ಮೆಲ್ಲಗೆ ಚರ್ಮ ಸುಲಿದರು. ನಾನು ಕದಲದೆ ನೋಡುತ್ತಿದ್ದೆ.

"ಜೀವ ತೆಗೆದಿದ್ದೀನಿ. ಇನ್ನು ಒಂದು ಚೂರೂ ದಂಡ ಮಾಡಬಾರದು," ಎಂದರು. ಒಂದು ತೊಡೆಗೆ ಉಪ್ಪು, ಅಲ್ಲಿನವರು ಬೇಟೆ ಮಾಂಸಕ್ಕೆ ಹಾಕುವ ಜೂನಿಪರ್ ಪೊದೆಯ ಕಾಯಿ ಜಜ್ಜಿ ಸವರಿ, ಕಾಗದದಲ್ಲಿ ಸುತ್ತಿ ನನ್ನ ಎರಡೂ ಅಂಗೈಗಳ ಮೇಲಿಟ್ಟರು. "ಅಮ್ಮನಿಗೆ ಕೊಡು."

ಮೊಟ್ಟೆಯನ್ನೂ ಮುಟ್ಟದ ಅಮ್ಮ ನನ್ನನ್ನು ಬಾಗಿಲಲ್ಲೇ ತಡೆದಳು. "ಅಯ್ಯೋ, ಒಳಗ್ ತರ್ಬೇಡ ಕಣೇ! ರೀ, ವಾಪಸ್ ಕೊಟ್ಟ್ ಬನ್ನಿ."

"ವಾಪಸ್ಸಾ? ಪಾಪ, ಬೇಜಾರ್ ಮಾಡ್ಕೋತಾರೆ," ಎಂದ ಅಪ್ಪ ಕೆಳಗೆ ಹೋಗಿ, ನಗುನಗುತ್ತಾ ಥ್ಯಾಂಕ್ಸ್ ಹೇಳಿ ಬಂದರು. ಆಮೇಲೆ ನನಗೆ ಪಿಸುಗುಟ್ಟಿದರು: "ಯಾರೂ ನೋಡ್ದಂಗೆ ಕಸದ ರೂಮಲ್ಲಿ ಹಾಕ್ಬಿಟ್ ಬಾ, ಪುಟ್ಟಿ."

ಇಡೀ ಕಟ್ಟಡಕ್ಕೆ ಇದ್ದ ಆ ಒಂದೇ ರೂಮಿನಲ್ಲಿ ಹಾಕಿ ಬಂದೆ. ಎಷ್ಟು ತೊಳೆದರೂ ಅಂಗೈಯಿಂದ ಅದರ ತಂಪು ಹೋಗಲಿಲ್ಲ.

ಸಂಜೆ ತಾತ ಮೆಟ್ಟಿಲ ಬಳಿ ಸಿಕ್ಕರು. "ರುಚಿಯಾಗಿತ್ತಾ?"

"ತುಂಬಾ," ಎಂದೆ.

ಅವರು ತಲೆಯಾಡಿಸಿ, ಕೈಯಲ್ಲಿದ್ದ ಕಸದ ಚೀಲ ಹಿಡಿದು ಆ ರೂಮಿನ ಕಡೆಗೇ ನಡೆದರು.

ಬೆಳಿಗ್ಗೆ ಸೈಕಲ್ ಶೆಡ್ಡಿನ ಹಿಂದೆ ಅಂಗೈಯಗಲ ಮಣ್ಣು ಹೊಸದಾಗಿ ಅಗೆದು ಮುಚ್ಚಿದಂತಿತ್ತು. ಮೇಲೊಂದು ಜೂನಿಪರ್ ಕೊಂಬೆ ಇತ್ತು. ತಾತ ಎಂದಿನಂತೆ ಕಿಟಕಿಯಿಂದ ಕೈಬೀಸಿದರು.

ಅಲ್ಲಿಂದಾಚೆ ಅವರು ನಮಗೆ ಸೇಬು ಮಾತ್ರ ಕೊಡುತ್ತಿದ್ದರು.