ಕೈ ಎತ್ತಿ

ಹೋದ ತಿಂಗಳು ಹತ್ತನೇ ತರಗತಿಯ ಹುಡುಗಿಯೊಬ್ಬಳು ಸಾಯಲು ಹೋಗಿ ಬದುಕಿ ಬಂದಿದ್ದಳು. ಹೆಡ್‌ಮಾಸ್ತರರು ಅದಕ್ಕೆ ಹೊಟ್ಟೆನೋವು ಎಂದು ಹೆಸರಿಟ್ಟು ಕೈತೊಳೆದುಕೊಂಡಿದ್ದರು. ಇಲಾಖೆ ಬಿಡಬೇಕಲ್ಲ, ಆಪ್ತಸಮಾಲೋಚಕಿಯೊಬ್ಬರನ್ನು ಕಳಿಸಿತು.

"ಮಕ್ಕಳ ಹತ್ರ ಒಬ್ಬೊಬ್ಬರಾಗಿ ಮಾತಾಡ್ಬೇಕು ಸಾರ್, ಒಂದು ರೂಮು ಕೊಡಿ," ಎಂದರು ಆಕೆ.

"ರೂಮು ಯಾಕೆ ಮೇಡಂ? ಐದೇ ನಿಮಿಷ, ನಾನೇ ಮುಗಿಸಿಕೊಡ್ತೀನಿ."

ಪೇಪರಿನ ಫೋಟೋದವನನ್ನೂ ಕರೆಸಿದ್ದಾಗಿತ್ತು. ಬೆಳಗಿನ ಪ್ರಾರ್ಥನೆ ಮುಗಿದದ್ದೇ ತಡ, ಹೆಡ್‌ಮಾಸ್ತರರು ಮೈಕು ಹಿಡಿದು ಗುಡುಗಿದರು: "ಯಾರ್ಯಾರಿಗೆ ಮನಸ್ಸು ಸರಿಯಿಲ್ಲವೋ, ಕೈ ಎತ್ರೋ!"

ಹೋಂವರ್ಕ್ ಮಾಡದವರನ್ನು ಅವರು ಹಿಡಿಯುತ್ತಿದ್ದದ್ದೂ ಹೀಗೆಯೇ. ಒಂದು ಕೈಯೂ ಏಳಲಿಲ್ಲ.

"ನೋಡಿದ್ರಾ ಮೇಡಂ? ನಮ್ಮ ಮಕ್ಕಳು ಗುಂಡುಕಲ್ಲಿನ ಹಾಗಿದಾರೆ."

ಅಷ್ಟರಲ್ಲಿ ಅವರ ಪಕ್ಕದಲ್ಲೇ, ಶಿಕ್ಷಕರ ಸಾಲಿನಲ್ಲಿ ಒಂದು ಕೈ ಎದ್ದಿತು. ಮಕ್ಕಳು ಕಂಡರೆ ನಡುಗುವ ಗಣಿತದ ಕಮಲಾಕ್ಷಿ ಟೀಚರ್!

"ಏನ್ರೀ ಇದು? ಕೈ ಇಳಿಸ್ರೀ, ಫೋಟೋ ತೆಗೀತಿದಾರೆ!" ಹೆಡ್‌ಮಾಸ್ತರರು ಹಲ್ಲು ಕಚ್ಚಿ ಪಿಸುಗುಟ್ಟಿದರು.

ಟೀಚರ್ ಕೈ ಇಳಿಸಲಿಲ್ಲ. ಅವರನ್ನೇ ನೋಡುತ್ತಿದ್ದ ಹತ್ತನೇ ತರಗತಿಯ ಸಾಲಿನಲ್ಲಿ ಮೊದಲು ಒಂದು ಕೈ ಎದ್ದಿತು, ಆಮೇಲೆ ಕ್ಯಾಮೆರಾದಲ್ಲಿ ಹಿಡಿಸದಷ್ಟು ಕೈಗಳೆದ್ದವು.