ಗೋಡೆಯೊಳಗಿನ ಸದ್ದು

"ಈ ಪೈಪು ಯಾವಾಗಿನಿಂದ ಸೋರುತ್ತಿತ್ತು, ವಹಿನಿ?"

ವಿಮಾ ಕಂಪನಿಯಿಂದ ಬಂದಿದ್ದ ಕುಲಕರ್ಣಿ, ಮರಾಠಿ ರೂಢಿಯಂತೆ ಅತ್ತಿಗೆ ಎಂದು ಕರೆದು, ಹೀಗೆ ಕೇಳಿದಾಗ ಕಮಲಾಕ್ಷಿ ಗಂಡನ ಮುಖ ನೋಡಿದಳು. ಹಿಂದಿನ ದಿನ ನಾಸಿಕದ ಆ ಮನೆಯ ನಡುಗೋಡೆಯೊಳಗಿನ ಪೈಪು ಒಡೆದು ಕೋಣೆಗೆಲ್ಲ ನೀರು ನುಗ್ಗಿತ್ತು. ಅವಳ ತಂದೆ ಕೊಟ್ಟಿದ್ದ ತಂಬೂರಿ, ನೆಂದ ಸೋರೆಬುರುಡೆ ಬಾಯಿಬಿಟ್ಟುಕೊಂಡು ಅವಳ ಮಡಿಲಲ್ಲಿತ್ತು.

ಪೈಪು ಏಕಾಏಕಿ ಒಡೆದಿದ್ದರಷ್ಟೇ ಪರಿಹಾರ, ಗೊತ್ತಿದ್ದೂ ಬಿಟ್ಟ ಸೋರಿಕೆಗೆ ಇಲ್ಲ ಎಂದು ಗಂಡ ನಾರಾಯಣಸ್ವಾಮಿ ಬೆಳಿಗ್ಗೆಯೇ ಅವಳಿಗೆ ಹೇಳಿಕೊಟ್ಟಿದ್ದ. ಬೇಸಿಗೆಯಿಂದಲೂ ಅವಳು, "ರೀ, ಶ್ರುತಿ ಕೂಡಿಸೋವಾಗ ಗೋಡೆಯೊಳಗೆ ನೀರು ಜಿನುಗೋ ಸದ್ದು ಕೇಳುತ್ತೆ" ಅನ್ನುತ್ತಲೇ ಇದ್ದಳು. ಊರಿಗೆ ಹತ್ತಿರದ ಓಝರ್‌ನಲ್ಲಿ ಹೊಸದಾಗಿ ಶುರುವಾದ ವಿಮಾನ ಕಾರ್ಖಾನೆಯ ಇಂಜಿನಿಯರ್ ಅವನು. "ನಿನ್ನ ಕಿವಿಗೆ ಗೋಡೆಯೂ ಹಾಡುತ್ತೆ" ಎಂದು ನೆಂಟರೆದುರೇ ನಕ್ಕಿದ್ದ.

"ನಿನ್ನೆಯೇ ಒಡೆದಿದ್ದು," ಎಂದಳು ಕಮಲಾಕ್ಷಿ.

"ಅದಕ್ಕೆ ಮೊದಲು ಏನೂ ಸದ್ದು ಕೇಳಿಸಲಿಲ್ಲವೇ?"

"ಇಲ್ಲ." ಅವಳು ಬುರುಡೆಯ ಬಿರುಕನ್ನು ಅಂಗೈಯಿಂದ ಮುಚ್ಚಿದಳು. "ನನ್ನ ಕಿವಿ ಅಷ್ಟು ಚುರುಕಲ್ಲ."

ನಾರಾಯಣಸ್ವಾಮಿಗೆ ತಡೆಯಲಾಗಲಿಲ್ಲ. "ಅದನ್ನು ಬರೀಬೇಡಿ," ಎಂದ. "ಇವಳಿಗೆ ಕೇಳಿಸಿತ್ತು. ದಿನಾ ಹೇಳುತ್ತಿದ್ದಳು. ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ."

ಕುಲಕರ್ಣಿ ಪೆನ್ನಿನ ಮುಚ್ಚಳ ಹಾಕಿದ. "ಹಾಗಾದರೆ ಏನೂ ಸಿಗುವುದಿಲ್ಲ, ಸಾಹೇಬ್."

"ಆ ನೆಂಟರೆದುರು ಇಷ್ಟು ಹೇಳಿದ್ದರೆ ನನಗೆ ಸಾಕಾಗಿತ್ತು, ರೀ," ಎಂದಳು ಕಮಲಾಕ್ಷಿ, ಅವನತ್ತ ನೋಡದೆ.